ಬಾಲ ಇಟ್ಟ ಅಕ್ಷರಗಳು

"ಇನ್ನೂ ಒಸಿ ಮಿಂಚ್ಲಿ ಕನಪ್ಪ" ಎಂದು ಕಂಡಕ್ಟರಕ್ಕ ನನ್ನ ಕುರ್ಚಿಯ ಹಿಂದೆ ನಿಂತು ಹೇಳಿದಳು. ಅಷ್ಟರಲ್ಲಿ ಕಂಪ್ಯೂಟರ್ ಮತ್ತೆ ನಿಂತುಹೋಯಿತು. ತೆರೆಯ ಮೇಲೆ 'ಕೊಳ್ಳೇಗಾಲ' ಅನ್ನುವ ಅಕ್ಷರಗಳು ಅರ್ಧ ಉಬ್ಬಿಕೊಂಡು, ಅರ್ಧ ಚಪ್ಪಟೆಯಾಗಿ ಕೂತಿದ್ದವು. ಮೌಸ್ ಎಷ್ಟು ಆಡಿಸಿದರೂ ಸುತ್ತುವ ಚಕ್ರ ಬಿಟ್ಟು ಬೇರೇನೂ ಅಲುಗಲಿಲ್ಲ.

"ಏನ್ಲಾ, ಸತ್ತೋಯ್ತಾ?" ಎಂದ ಅವಳ ಗಂಡ. ಅವನು ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಿದ್ದ.

"ಸತ್ತಿಲ್ಲ ಅಣ್ಣ. ಉಸ್ರು ತಕತಾ ಅದೆ."

ಇವರಿಬ್ಬರದು ಒಂದು ಸಣ್ಣ ಖಾಸಗಿ ಬಸ್ಸು. ಗಂಡ ಓಡಿಸುತ್ತಾನೆ, ಹೆಂಡತಿ ಟಿಕೆಟ್ ಕೊಡುತ್ತಾಳೆ. ಕೊಳ್ಳೇಗಾಲದಿಂದ ಹನೂರು ಸುತ್ತಿಕೊಂಡು ಲೊಕ್ಕನಹಳ್ಳಿಗೆ ಹೋಗಿ ವಾಪಸ್ ಬರುತ್ತದೆ. ಬಸ್ಸಿಗೆ ಹೊಸ ಪೇಂಟ್ ಮಾಡಿಸಿದ್ದರು. ಮುಂದೆ ಗಾಜಿನ ಕೆಳಗೆ ನೇತುಹಾಕುವ ಬೋರ್ಡನ್ನೂ ಹೊಸದು ಮಾಡಿಸಲು ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಗೆ ಬಂದಿದ್ದರು. ಬೋರ್ಡು ಒಂದೇ, ಮುಖ ಎರಡು. ಒಂದು ಕಡೆ ಕೊಳ್ಳೇಗಾಲ, ಇನ್ನೊಂದು ಕಡೆ ಲೊಕ್ಕನಹಳ್ಳಿ. ಯಾವ ಕಡೆ ಹೊರಟರೋ ಆ ಹೆಸರು ಮುಂದಕ್ಕೆ ಬರುವ ಹಾಗೆ ತಿರುಗಿಸಿ ಹಾಕುತ್ತಾರೆ.

ಕಂಡಕ್ಟರಕ್ಕನಿಗೆ ಬೇಕಾಗಿದ್ದು ಚಿನ್ನದ ತ್ರೀಡಿ ಅಕ್ಷರ. ಅದಕ್ಕೆ ಕಾರಣವೂ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನವರು ಇವರ ಬಸ್ಸನ್ನು ಕೋಳಿಗೂಡು ಎಂದು ಆಡಿಕೊಳ್ಳುತ್ತಿದ್ದರಂತೆ.

"ಆ ನನ್ ಮಕ್ಳು ಕಣ್ ಬುಟ್ಕ ನೋಡ್ಬೇಕು. ಮದ್ವೆ ಛತ್ರದ ಬಾಗ್ಲು ಇರ್ತದಲ್ಲ, ಅಂಗೆ ಇರ್ಲಿ" ಎಂದಳು.

ನಾನು ಮಾಂಬಳ್ಳಿಯವನು. ದಿನಾ ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಬರುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಪುಸ್ತಕ ಓದು ಅಂದರೆ ತಲೆನೋವು. ಆದರೆ ಅಕ್ಷರ ಎಳೆಯೋದು, ಉಬ್ಬಿಸೋದು, ಬಣ್ಣ ಹಾಕೋದು ಅಂದರೆ ಕೈ ತಾನಾಗಿ ಓಡುತ್ತದೆ. ಅಂಗಡಿ ನಡೆಸುವ ಅಕ್ಕ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ಅದಕ್ಕೇ.

ಸಾಫ್ಟ್‌ವೇರಿನಲ್ಲಿ ತ್ರೀಡಿ ಮಾಡಲು ಒಂದು ಸಿದ್ಧ ಬಟನ್ ಇದೆ. ಒತ್ತಿದರೆ ಅದೇ ಅಕ್ಷರಕ್ಕೆ ದಪ್ಪ ಕೊಡುತ್ತದೆ. ನಮ್ಮ ಹಳೇ ಕಂಪ್ಯೂಟರಿಗೆ ಅದು ಆಗುವುದಿಲ್ಲ, ಮಲಗಿಬಿಡುತ್ತದೆ. ಅವತ್ತು ಎರಡು ಸಲ ಮಲಗಿದ ಮೇಲೆ ಆ ದಾರಿ ಬಿಟ್ಟೆ. ಅಕ್ಷರದ ಅಂಚನ್ನು ಉಬ್ಬಿಸುವ ಎಫೆಕ್ಟ್ ಹಾಕಿದೆ. ಅದರಲ್ಲಿ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ನಾವೇ ಹೇಳಬಹುದು. ಮೇಲಿನ ಎಡಗಡೆಯಿಂದ ಬೀಳಿಸಿದೆ. ಅಕ್ಷರದ ಮೈಗೆ ಕಂದು, ಹಳದಿ, ಬಿಳಿ, ಮತ್ತೆ ಹಳದಿ ಎಂದು ಪಟ್ಟೆ ಪಟ್ಟೆಯಾಗಿ ಕರಗುವ ಬಣ್ಣ ಕೊಟ್ಟೆ. ಚಿನ್ನ ಅನ್ನಿಸುವುದು ಆ ಬಿಳಿ ಪಟ್ಟೆಯಿಂದ. ಮೂಲೆಗಳಲ್ಲಿ ನಕ್ಷತ್ರದ ಹಾಗೆ ಹೊಳಪು ಇಟ್ಟೆ. ಹಿಂದೆ ಕಡು ಮೆರೂನ್.

"ಆಂ! ಇದು ಕನ" ಎಂದಳು ಕಂಡಕ್ಟರಕ್ಕ.

ಇನ್ನೊಂದು ಮುಖಕ್ಕೂ ಅದನ್ನೇ ಮಾಡಿದೆ. ಎಫೆಕ್ಟ್ ಕಾಪಿ ಮಾಡಿ, 'ಲೊಕ್ಕನಹಳ್ಳಿ' ಮೇಲೆ ಅಂಟಿಸಿದೆ. ಎರಡೂ ಒಂದೇ ತಾಯಿ ಮಕ್ಕಳ ಹಾಗೆ ಬಂದವು. ಪ್ರಿಂಟ್ ತೆಗೆದು, ಮೇಲೆ ಹೊಳಪಿನ ಪ್ಲಾಸ್ಟಿಕ್ ಹಾಳೆ ಹಾಕಿ, ಗಟ್ಟಿ ಶೀಟಿನ ಎರಡೂ ಕಡೆ ಅಂಟಿಸಿ ಕೊಟ್ಟೆವು. ಅವರು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದರು. ನಾನೂ ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡೆ.

ಒಂದು ವಾರ ಆಗಿರಬೇಕು. ಮಧ್ಯಾಹ್ನ ಮೂರು ದಾಟಿತ್ತು. ಡ್ರೈವರಣ್ಣ ಅಂಗಡಿಗೆ ಬಂದ. ಹಿಂದೆ ಒಬ್ಬಳು ಅಜ್ಜಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ಟಿಫನ್ ಕ್ಯಾರಿಯರ್ ಇತ್ತು.

"ಇವ್ನೇನಾ?" ಎಂದಳು.

"ಇವ್ನೇ ಕನವ್ವ" ಎಂದ ಡ್ರೈವರಣ್ಣ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನ್ಲಾ, ನಮ್ಮೂರ್ ಬೋರ್ಡ್ಗೂ ಕೊಳ್ಳೇಗಾಲದ್ ಬೋರ್ಡ್ಗೂ ಒಂದೇ ಬಣ್ಣ ಬಳ್ದಿದ್ದೀಯಲ್ಲ, ನಿಂಗೇನ್ ಬಣ್ಣಕ್ಕೆ ಬರ ಬಂದಿತ್ತಾ?"

ನನಗೆ ಏನೂ ಅರ್ಥ ಆಗಲಿಲ್ಲ. ಡ್ರೈವರಣ್ಣನೇ ಹೇಳಿದ. ಈ ಅಜ್ಜಿ ಲೊಕ್ಕನಹಳ್ಳಿಯವಳು. ಹನೂರಿನಲ್ಲಿ ಬಸ್‌ಸ್ಟ್ಯಾಂಡ್ ಎದುರಿನ ಮೆಸ್ಸಿನಲ್ಲಿ ಮುದ್ದೆ ತಿರುವುತ್ತಾಳೆ. ಬೆಳಿಗ್ಗೆ ಇವರ ಬಸ್ಸಿನಲ್ಲೇ ಬರುತ್ತಾಳೆ, ಕೆಲಸ ಮುಗಿಸಿ ಇವರ ಬಸ್ಸಿನಲ್ಲೇ ವಾಪಸ್. ಅವತ್ತು ಕೆಲಸ ಬೇಗ ಮುಗಿದು, ನಿಂತಿದ್ದ ಬಸ್ಸು ಹತ್ತಿ ಕೂತಿದ್ದಾಳೆ. ಅವಳನ್ನು ಗುರುತು ಹಿಡಿಯುವ ಕಂಡಕ್ಟರಕ್ಕ ಅವತ್ತು ಹುಷಾರಿಲ್ಲ ಎಂದು ರಜ. ಬದಲಿಗೆ ಬಂದ ಹುಡುಗನಿಗೆ ಇವಳು ಯಾರೋ ಏನೋ. ಅಜ್ಜಿಗೆ ನಿದ್ದೆ ಹತ್ತಿದೆ. ಟಿಕೆಟ್ ಕೇಳಲು ಅವನು ಎಬ್ಬಿಸುವ ಹೊತ್ತಿಗೆ ಬಸ್ಸು ಕೊಳ್ಳೇಗಾಲದ ಹತ್ತಿರ ಬಂದಿತ್ತು.

"ಬಸ್ಸಲ್ಲಿರೋರೆಲ್ಲ ನಗಾಡ್ಬುಟ್ರು" ಎಂದಳು ಅಜ್ಜಿ. "ಒಬ್ಬ ಅಂತಾನೆ, ಅಜ್ಜಿ ಸಿನ್ಮಾ ನೋಡಕ್ ಬಂದವ್ಳೆ ಅಂತ."

"ಅಷ್ಟ್ ದೊಡ್ದಾಗ್ ಬರ್ದದಲ್ಲವ್ವ ಕೊಳ್ಳೇಗಾಲ ಅಂತ" ಎಂದೆ.

"ಬರ್ದಿರೋದ್ ತಕಂಡು ನಾನೇನ್ ಮಾಡ್ಲಿ? ಸ್ಲೇಟ್ ಇಡ್ದೋಳಾ ನಾನು? ಕೆಂಪ್ ಅಂಚಿಂದು ಬಂದ್ರೆ ಕೊಳ್ಳೇಗಾಲ. ನೀಲಿ ಅಂಚಿಂದು ಬಂದ್ರೆ ನಮ್ಮೂರು. ಇಷ್ಟ್ ವರ್ಸ ಅಂಗೇ ಓಗಿ ಅಂಗೇ ಬಂದಿವ್ನಿ. ಒಬ್ರನ್ನೂ ಕೇಳಿಲ್ಲ. ನೀನು ಎರಡ್ಕೂ ಚಿನ್ನ ಮೆತ್ಬುಟ್ಟೆ."

ಡ್ರೈವರಣ್ಣ ಹೊರಗೆ ಹೋಗಿ ಬಸ್ಸಿನ ಹಿಂದಿನ ಸೀಟಿನ ಕೆಳಗಿಂದ ಹಳೇ ಬೋರ್ಡನ್ನು ಎಳೆದು ತಂದ. ಮೂಟೆಗಳಿಗೆ ಕೆಸರು ತಾಗದಿರಲಿ ಎಂದು ಅದನ್ನು ಕೆಳಗೆ ಹಾಸಿದ್ದರು. ಬಟ್ಟೆಯಲ್ಲಿ ಒರೆಸಿದೆ. ಯಾರೋ ಪೇಂಟರು ಬ್ರಶ್ಶಿನಲ್ಲಿ ಬರೆದಿದ್ದ ಅಕ್ಷರ. 'ಕೊಳ್ಳೇಗಾಲ' ಅಕ್ಷರಗಳ ಪಕ್ಕಕ್ಕೆ ಕೆಂಪು ನೆರಳು. ತಿರುಗಿಸಿದರೆ 'ಲೊಕ್ಕನಹಳ್ಳಿ', ಅದಕ್ಕೆ ನೀಲಿ ನೆರಳು.

"ನಾನ್ ಓಡ್ಸೋನು, ನಂಗೇ ಗೊತ್ತಿಲ್ವಲ್ಲ" ಎಂದ ಡ್ರೈವರಣ್ಣ. ಓದಲು ಬರುವವನು ಹೆಸರು ನೋಡುತ್ತಾನೆ, ನೆರಳು ಯಾಕೆ ನೋಡುತ್ತಾನೆ?

ಅವತ್ತು ಅಜ್ಜಿ ಅದೇ ಬಸ್ಸಿನಲ್ಲಿ ವಾಪಸ್ ಹೋದಳು. ಊರು ಮುಟ್ಟಿದ್ದು ತಡವಾಗಿ. ಕಾಡಿನ ಅಂಚಿನ ಊರು ಅದು, ಕತ್ತಲಾದರೆ ಆನೆ ರಸ್ತೆಗೆ ಬರುತ್ತದೆ. ಮಗ ಬೈಕು ತೆಗೆದುಕೊಂಡು ಹನೂರಿನವರೆಗೂ ಹುಡುಕಿ ಬಂದಿದ್ದನಂತೆ. ಸಿಕ್ಕಿದ ಮೇಲೆ ಒಂದೇ ಮಾತು ಹೇಳಿದನಂತೆ: ಇನ್ನು ಮೇಲೆ ಒಬ್ಬಳೇ ಎಲ್ಲಿಗೂ ಹೋಗಬೇಡ, ಮೆಸ್ಸಿನ ಕೆಲಸ ಬಿಟ್ಟುಬಿಡು.

ಇದನ್ನು ಎರಡು ದಿನ ಆದಮೇಲೆ ಕಂಡಕ್ಟರಕ್ಕ ಬಂದು ಹೇಳಿದಳು. ಅವಳ ಮುಖ ಸಪ್ಪಗಿತ್ತು. "ಇವಮ್ಮ ಒಬ್ಳೇ ಅಲ್ಲ ಕನಪ್ಪ. ಬಾರ್ಡರ್ ಕಡೆಯಿಂದ ಕೂಲಿಗೆ ಬತ್ತಾರಲ್ಲ ತಮಿಳ್ ಎಂಗುಸ್ರು, ಅವ್ರೂ ಕೇಳ್ತಿದ್ರು, ಅಕ್ಕಾ ಶೆವಪ್ಪು ಬೋರ್ಡು ಎಲ್ ಓಯ್ತು ಅಂತ. ಕೆಂಪ್ ಬೋರ್ಡು ಅಂತ ಅವ್ರ್ ಕೇಳಿದ್ದು. ನಾನು ಸುಮ್ನೆ ಮಾತಾಡುಸ್ತಾವ್ರೆ ಅಂದ್ಕಂಡಿದ್ದೆ." ಆಮೇಲೆ ದನಿ ತಗ್ಗಿಸಿ, "ಇವಮ್ಮಂಗೆ ಅವ್ಳ್ ಮಗ ಇನ್ನೊಂದ್ ಸಲ ನೋಡ್ತೀನಿ ಅಂದವ್ನೆ. ಮತ್ತೆ ತಪ್ಪಿದ್ರೆ ಮುಗೀತು. ಒಸಿ ಬ್ಯಾಗ ಮಾಡ್ಕೊಡು. ಆದ್ರೆ ಚಿನ್ನ ಮಾತ್ರ ತೆಗೀಬ್ಯಾಡ" ಎಂದಳು.

ಅಂಗಡಿ ಅಕ್ಕ ಕೇಳಿಸಿಕೊಂಡು ಒಳಗಿಂದಲೇ, "ಮಾಡ್ಕೊಡ್ಲಾ. ಶೀಟ್ ನಂದು" ಎಂದಳು. ಅಷ್ಟೇ. ಬೈಯಲಿಲ್ಲ, ಲೆಕ್ಕ ಹಾಕಲಿಲ್ಲ. ಆ ಮಾತಿಗೆ ಅವಳಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಮೊದಲು ಸುಲಭದ ದಾರಿ ಹಿಡಿದೆ. ಚಿನ್ನ ಹಾಗೇ ಇಟ್ಟು, ಅಕ್ಷರದ ಹಿಂದಿನಿಂದ ಪಕ್ಕಕ್ಕೆ ಚಾಚುವ ಹಾಗೆ ಒಂದು ಮುಖಕ್ಕೆ ಕೆಂಪು ದಪ್ಪ, ಇನ್ನೊಂದು ಮುಖಕ್ಕೆ ನೀಲಿ ದಪ್ಪ ಕೊಟ್ಟೆ. ತೆರೆಯ ಮೇಲೆ ಚೆನ್ನಾಗಿ ಕಂಡಿತು. ಪ್ರಿಂಟ್ ಬಂದಾಗ ಕೆಂಪು ಮೆರೂನಿನಲ್ಲಿ ಮುಳುಗಿತ್ತು, ನೀಲಿ ಕಪ್ಪಾಗಿತ್ತು. ತೆರೆಯಲ್ಲಿ ಬೆಳಕು ಒಳಗಿಂದ ಬರುತ್ತದೆ, ಪ್ರಿಂಟಿನಲ್ಲಿ ಶಾಯಿ ಇರುತ್ತದೆ, ಇದು ನನಗೆ ಗೊತ್ತಿರುವ ವಿಷಯವೇ. ಆದರೂ ಕಣ್ಣು ಮೋಸ ಹೋಗುತ್ತದೆ. ಹಿಂದಿನ ಬಣ್ಣ ತೆಳು ಮಾಡಿ ಮತ್ತೆ ತೆಗೆದೆ. ಇದು ಪರವಾಗಿಲ್ಲ ಅನ್ನಿಸಿತು. ಆದರೆ ಟೇಬಲ್ ಮೇಲೆ ನೋಡಿ ತೃಪ್ತಿ ಪಡುವ ಕೆಲಸ ಸಾಕಾಗಿತ್ತು. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅದೇ ಬಸ್ಸಿನಲ್ಲಿ ಹನೂರಿಗೆ ಹೋದೆ.

ಮೆಸ್ಸಿನ ಬಾಗಿಲಲ್ಲಿ ಅಜ್ಜಿ ಪಾತ್ರೆ ಬೋರಲು ಹಾಕುತ್ತಿದ್ದಳು. ಹೊತ್ತು ಇಳಿದಿತ್ತು. ಬಸ್ಸು ಮೂತಿ ಇತ್ತ ಮಾಡಿ ನಿಂತಿತ್ತು. ಡ್ರೈವರಣ್ಣನಿಗೆ ಸನ್ನೆ ಮಾಡಿದೆ, ಅವನು ಬೋರ್ಡು ನೇತುಹಾಕಿದ.

"ಯಾವ್ ಊರ್ಗವ್ವ ಬಸ್ಸು?" ಎಂದೆ.

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಏನೋ ಫಳಫಳ ಅಂತದೆ."

ಇಳಿಬಿಸಿಲು ಹೊಳಪಿನ ಹಾಳೆಯ ಮೇಲೆ ಬಿದ್ದು ಅರ್ಧ ಬೋರ್ಡು ಬರೀ ಬೆಳ್ಳಗೆ ಕಾಣುತ್ತಿತ್ತು. ಕಾದೆವು. ಬಿಸಿಲು ಹೋಯಿತು. ಬೋರ್ಡು ತಿರುಗಿಸಲು ಹೇಳಿದೆ. ಮತ್ತೆ ತಿರುಗಿಸಲು ಹೇಳಿದೆ.

"ಎರಡೂ ಕರ್ರಗವೆ" ಎಂದಳು.

ನಾನೂ ಅವಳ ಪಕ್ಕ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ. ನಿಜ. ಬೆಳಕು ಕಮ್ಮಿಯಾದರೆ ಕೆಂಪೂ ಕಪ್ಪು, ನೀಲಿಯೂ ಕಪ್ಪು. ಚಿನ್ನದ ಮೈಯ ಪಟ್ಟೆಗಳು ದೂರಕ್ಕೆ ಕಲಸಿಕೊಂಡು ಮಣ್ಣಿನ ಬಣ್ಣ ಆಗಿದ್ದವು.

"ಹಳೇ ಬೋರ್ಡಲ್ಲಿ ಹೊತ್ತಿಳಿದ್ ಮ್ಯಾಲೆ ಏನ್ ಮಾಡ್ತಿದ್ದೆ?" ಎಂದೆ.

"ಕೇಳ್ತಿದ್ದೆ, ಇನ್ನೇನು. ಕೇಳುದ್ರೆ ನಗ್ತಾರೆ. ಅದ್ಕೇ ಬೆಳಕಿದ್ದಂಗೇ ಓಯ್ತಿದ್ದೆ." ಸ್ವಲ್ಪ ಹೊತ್ತು ನೋಡಿ, "ನಿನ್ ಅಕ್ಷರ್ಕೆ ಪಕ್ದಲ್ಲಿ ಬಾಲ ಇಟ್ಟಿದ್ದೀಯಲ್ಲ, ಎರಡೂ ಒಂದೇ ಕಡೆ ಯಾಕ್ಲಾ ಇಟ್ಟಿದ್ದೀಯ?" ಎಂದಳು.

ಬಾಲ ಅಂದದ್ದು ನಾನು ಕೊಟ್ಟಿದ್ದ ದಪ್ಪಕ್ಕೆ. ಬೆಳಕು ಯಾವಾಗಲೂ ಮೇಲಿನ ಎಡಗಡೆ, ದಪ್ಪ ಯಾವಾಗಲೂ ಬಲಗಡೆ. ಸಾಫ್ಟ್‌ವೇರು ಹಾಗೇ ಕೊಡುತ್ತದೆ, ನಾನು ಹಾಗೇ ಬಿಡುತ್ತೇನೆ. ಯಾಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಎಂಗಿರ್ಬೇಕಿತ್ತು?"

"ದನ ಮನೆ ಕಡೆ ಓಯ್ತಿದ್ರೆ ಬಾಲ ಎಲ್ಲಿರ್ತದೆ? ಇಂದೆ. ಕೊಳ್ಳೇಗಾಲ ಈ ಕಡೆ ಅದೆ" ಎಂದು ಎಡಗೈ ಚಾಚಿದಳು, "ನಮ್ಮೂರು ಈ ಕಡೆ ಅದೆ" ಎಂದು ಬಲಗೈ ಚಾಚಿದಳು. "ಬಸ್ಸು ನಮ್ಮೂರ್ಗೆ ಓಗದಾದ್ರೆ ಬಾಲ ಕೊಳ್ಳೇಗಾಲದ್ ಕಡೆ ಇರ್ಬೇಕು. ಅಷ್ಟೂ ಗೊತ್ತಾಗಲ್ವಾ?"

ನಾನು ಅಲ್ಲೇ ತೀರ್ಮಾನ ಮಾಡಿದೆ. ಚಿನ್ನ ಹೋಗಬೇಕು. ಉಬ್ಬು, ಹೊಳಪು, ನಕ್ಷತ್ರ, ಎಲ್ಲ ಹೋಗಬೇಕು. ಬಾಲ ಒಂದೇ ಇರಬೇಕು, ಅದೂ ದಪ್ಪಗೆ.

ಕಂಡಕ್ಟರಕ್ಕ ಒಪ್ಪಲಿಲ್ಲ. "ಮತ್ತೆ ಕೋಳಿಗೂಡು ಅಂತಾರೆ ಕನಪ್ಪ."

ಅಜ್ಜಿ ಅವಳ ಕಡೆ ತಿರುಗಿದಳು. "ಕೋಳಿ ಕೂಡಾ ತನ್ ಗೂಡ್ಗೆ ಸರ್ಯಾಗ್ ಓಯ್ತದೆ ಕನವ್ವ. ನಾನ್ ಓಗಕ್ ಆಗ್ಲಿಲ್ವಲ್ಲ."

ಡ್ರೈವರಣ್ಣ ನಗಲು ಶುರು ಮಾಡಿದ. ಕಂಡಕ್ಟರಕ್ಕನೂ ನಕ್ಕುಬಿಟ್ಟಳು. "ಆಯ್ತು, ತೆಗ್ದಾಕು" ಎಂದಳು. ಮೆಸ್ಸಿನಲ್ಲಿ ಅಜ್ಜಿ ನನಗೆ ಮುದ್ದೆ ಹಾಕಿದಳು. ಬೇಡ ಅಂದರೂ ಇನ್ನೊಂದು ಹಾಕಿದಳು.

ಮಾರನೇ ದಿನ ಹೊಸದಾಗಿ ಕೂತೆ. ಹಿಂದಿನ ಬಣ್ಣ ಅರಿಶಿನ ಹಳದಿ. ಅಕ್ಷರದ ಮುಖ ಬರೀ ಬಿಳಿ, ಅದಕ್ಕೆ ತೆಳ್ಳನೆ ಕಪ್ಪು ಗೆರೆ. ಕರಗುವ ಬಣ್ಣ ಎಲ್ಲೂ ಇಲ್ಲ. ಬಾಲವನ್ನು ಎಫೆಕ್ಟಿನಿಂದ ಮಾಡಲಿಲ್ಲ, ಕೈಯಲ್ಲೇ ಎಳೆದೆ. ಅಕ್ಷರದ ಲೇಯರ್, ಅಂದರೆ ಪದರ, ಹಿಡಿದುಕೊಂಡು, ಆಲ್ಟ್ ಕೀ ಒತ್ತಿ, ಬಾಣದ ಕೀ ಕುಟ್ಟುತ್ತಾ ಹೋಗಬೇಕು. ಒಂದೊಂದು ಕುಟ್ಟಿಗೂ ಒಂದು ನಕಲು, ಕೂದಲೆಳೆಯಷ್ಟು ಪಕ್ಕಕ್ಕೆ. ಅಂಥ ನಕಲುಗಳು ಒಂದರ ಪಕ್ಕ ಒಂದು ಕೂತು ಗೋಡೆ ಕಟ್ಟಿದ ಹಾಗೆ ದಪ್ಪ ಬರುತ್ತದೆ. ಆಮೇಲೆ ಎಲ್ಲವನ್ನೂ ಒಂದೇ ಲೇಯರ್ ಮಾಡಿ, ಒಂದೇ ಬಣ್ಣ ತುಂಬಿ, ಬಿಳಿ ಮುಖದ ಕೆಳಗೆ ಇಡಬೇಕು.

ಬಾಲ ದಪ್ಪ ಮಾಡಿದ ಕೂಡಲೇ ಬೇರೆ ತೊಂದರೆ ಬಂತು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇರುತ್ತದೆ. 'ಲೊಕ್ಕನಹಳ್ಳಿ'ಯಲ್ಲಿ ಎರಡು. ಮೇಲಿನ ಅಕ್ಷರದ ಬಾಲ ಕೆಳಕ್ಕೆ ಇಳಿದು ಒತ್ತನ್ನು ನುಂಗಿತು. ಪಕ್ಕದ ಅಕ್ಷರದ ಹೊಟ್ಟೆಯೊಳಕ್ಕೂ ಬಾಲ ನುಗ್ಗಿತು. ನೋಡಿದರೆ ನೀಲಿ ಮುದ್ದೆ. ಓದಲು ಬರದವರಿಗೆ ಮಾಡಲು ಹೋಗಿ ಓದಲು ಬರುವವರಿಗೆ ಕೆಡಿಸಿದ ಹಾಗಾಯಿತು.

ಅಕ್ಷರಗಳ ನಡುವೆ ಜಾಗ ಬಿಟ್ಟೆ. ದಪ್ಪ ಫಾಂಟ್ ಬಿಟ್ಟು ಒಂದು ಸುತ್ತು ತೆಳ್ಳನೆಯದು ತೆಗೆದುಕೊಂಡೆ. ಬರಹವನ್ನು ಆಕಾರಕ್ಕೆ ಬದಲಾಯಿಸಿ, ಒತ್ತುಗಳನ್ನು ಕತ್ತರಿಸಿ ಬೇರೆ ಲೇಯರಿಗೆ ಹಾಕಿ, ಸ್ವಲ್ಪ ಕೆಳಗೆ ಇಳಿಸಿ, ಅವಕ್ಕೆ ಗಿಡ್ಡ ಬಾಲ ಕೊಟ್ಟೆ. ದೊಡ್ಡ ಅಕ್ಷರಗಳ ಬಾಲವನ್ನು ಕೆಳಕ್ಕೆ ಬಿಡದೆ ಪಕ್ಕಕ್ಕೆ, ಒಂಚೂರು ಮೇಲಕ್ಕೆ ಎಳೆದೆ. ಆಗ ಒತ್ತು ಬಿಡಿಸಿಕೊಂಡಿತು. ಕೊಳ್ಳೇಗಾಲಕ್ಕೆ ಕೆಂಪು ಬಾಲ, ಬಲಕ್ಕೆ. ಲೊಕ್ಕನಹಳ್ಳಿಗೆ ನೀಲಿ ಬಾಲ, ಎಡಕ್ಕೆ.

ಪ್ರಿಂಟಿಗೆ ಮುಂಚೆ ಬಣ್ಣ ಪೂರ್ತಿ ತೆಗೆದು ಬರೀ ಕಪ್ಪು ಬಿಳುಪಿನಲ್ಲಿ ನೋಡಿದೆ. ಹೊತ್ತಿಳಿದ ಮೇಲೆ ಕಣ್ಣಿಗೆ ಕಾಣುವುದು ಅಷ್ಟೇ. ತೆರೆಯಲ್ಲಿ ಅಂಗೈಯಷ್ಟು ಚಿಕ್ಕದು ಮಾಡಿ, ರಸ್ತೆ ದಾಟಿ ಟೀ ಅಂಗಡಿಯ ಹತ್ತಿರ ನಿಂತು ನೋಡಿದೆ. ಹೆಸರು ಓದಲು ಆಗಲಿಲ್ಲ. ಬಾಲ ಯಾವ ಕಡೆ ಇದೆ ಎಂದು ಮಾತ್ರ ಗೊತ್ತಾಯಿತು. ಅಷ್ಟೇ ಬೇಕಾಗಿದ್ದು. ಮೇಲೆ ಹೊಳಪಿಲ್ಲದ ಹಾಳೆ ಹಾಕಿಸಿದೆ.

ಬೋರ್ಡನ್ನು ಕಂಡಕ್ಟರಕ್ಕನಿಗೆ ಕೊಟ್ಟು, ನಾನು ಬೈಕಿನಲ್ಲಿ ಹನೂರಿಗೆ ಹೋದ ದಿನ ಅಜ್ಜಿಯ ಮಗನೂ ಮೆಸ್ಸಿನ ಬಾಗಿಲಲ್ಲಿ ಇದ್ದ. ಸಿಟ್ಟಿನ ಮನುಷ್ಯ ಏನಲ್ಲ. ಸುಸ್ತಾದವನ ಹಾಗಿದ್ದ.

"ನೀನೇನಾ ಬೋರ್ಡ್ ಮಾಡಿದ್ದು?" ಎಂದ.

"ಊ ಅಣ್ಣ."

"ನಂದೇನಿಲ್ಲ ಕನಪ್ಪ. ಅವತ್ತು ನಾನ್ ಪಟ್ಟಿದ್ದು ನಂಗೇ ಗೊತ್ತು. ಇವತ್ತು ತಪ್ಪಿದ್ರೆ ಇವ್ಳು ಮನೇಲಿರ್ಲಿ."

"ನಿನ್ ಮನೇಲಿ ಕುಂತ್ಕಂಡು ಗ್ವಾಡೆ ನೋಡ್ಲಾ ನಾನು?" ಎಂದಳು ಅಜ್ಜಿ. ಆದರೆ ಅವಳ ಕೈ ಕ್ಯಾರಿಯರಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

ಹೊತ್ತು ಮುಳುಗಿ, ದೀಪ ಇನ್ನೂ ಹತ್ತಿರಲಿಲ್ಲ. ಕೊಳ್ಳೇಗಾಲದ ಕಡೆಯಿಂದ ಬಸ್ಸು ಬಂತು. ಸ್ಟ್ಯಾಂಡಿನೊಳಕ್ಕೆ ತಿರುಗಿ ಮೂತಿ ಇತ್ತ ಮಾಡಿ ನಿಂತಿತು. ಜನ ಇಳಿದರು, ಹತ್ತಿದರು. ಕಂಡಕ್ಟರಕ್ಕ ಬಾಗಿಲಲ್ಲಿ ನಿಂತಿದ್ದಳು, ಕೂಗಲಿಲ್ಲ. ಕೂಗಬೇಡ ಎಂದು ನಾನೇ ಹೇಳಿದ್ದೆ.

ಅಜ್ಜಿ ಬೋರ್ಡು ನೋಡಿದಳು. ನೋಡಿ ಅಲ್ಲೇ ನಿಂತಳು.

"ಬಸ್ ಬಂತು, ನಡಿಯವ್ವ" ಎಂದ ಮಗ.

ಅವಳು ಅಲುಗಲಿಲ್ಲ. ನಾನು ಬೋರ್ಡು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಮುಗಿಯಿತು ಅಂದುಕೊಂಡೆ.

"ನಡಿಯವ್ವ, ಸೀಟ್ ಓಯ್ತದೆ."

"ಅದು ಕೊಳ್ಳೇಗಾಲ್ಕೆ ಕನ್ಲಾ" ಎಂದಳು ಅಜ್ಜಿ. "ಬಾಲ ಬಲ್ಗಡೆ ಅದೆ. ನೀನ್ ಬೇಕಾದ್ರೆ ಓಗು, ಸಿನ್ಮಾ ನೋಡ್ಕ ಬಾ."

ಮಗ ಎರಡು ಹೆಜ್ಜೆ ಮುಂದೆ ಹೋಗಿ ಓದಿದ. ಕೊಳ್ಳೇಗಾಲ ಅಂತಲೇ ಇತ್ತು. ಕಂಡಕ್ಟರಕ್ಕ ಬೇಕೆಂದೇ ಬೋರ್ಡು ತಿರುಗಿಸದೆ ಬಿಟ್ಟಿದ್ದಳು. ನನಗೂ ಹೇಳಿರಲಿಲ್ಲ. ಸೀಟಿನಲ್ಲಿ ಕೂತಿದ್ದ ಡ್ರೈವರಣ್ಣ ಸ್ಟೀರಿಂಗ್ ಮೇಲೆ ತಲೆ ಇಟ್ಟು ನಗುತ್ತಿದ್ದ. ಅವಳು ಇಳಿದು ಬಂದು ಬೋರ್ಡನ್ನು ಕಳಚಿ, ತಿರುಗಿಸಿ ಹಾಕಿದಳು. ಬಾಲ ಎಡಕ್ಕೆ ಬಂತು.

"ಆಂ, ಈಗ" ಎಂದಳು ಅಜ್ಜಿ. ಯಾರನ್ನೂ ಕೇಳದೆ ರಸ್ತೆ ದಾಟಿ, ಹತ್ತಿ, ಕಿಟಕಿ ಪಕ್ಕ ಕೂತಳು. ಮಗ ಬೈಕು ಸ್ಟಾರ್ಟ್ ಮಾಡಿ ಒಬ್ಬನೇ ಊರಿಗೆ ಹೋದ. ಅವಳ ಜೊತೆ ಬಸ್ಸು ಹತ್ತಲಿಲ್ಲ, ಹತ್ತಬೇಕು ಅನ್ನಿಸಲಿಲ್ಲ ಅವನಿಗೆ.

ಅಜ್ಜಿ ಈಗಲೂ ಹನೂರಿನಲ್ಲಿ ಮುದ್ದೆ ತಿರುವುತ್ತಾಳೆ. ನಾನು ಈಗಲೂ ಯಾವ ಅಕ್ಷರಕ್ಕೆ ದಪ್ಪ ಕೊಡುವ ಮುಂಚೆಯೂ ಯಾವ ಕಡೆಗೆ, ಯಾಕೆ ಎಂದು ಕೇಳಿಕೊಳ್ಳುತ್ತೇನೆ. ಕಲಿಸಿದ್ದು ಅವಳು. ಇಷ್ಟೇ ನಡೆದದ್ದು. ಇದರ ಮೇಲೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ.